ಸಿಯಾಚಿನ್‌ನಲ್ಲಿ ಅಭಯಾರಣ್ಯದ ಬೋರ್ಡು ನೆಟ್ಟರೆ ಸೈನಿಕರು ಇಳಿದು ಬರುತ್ತಾರೆಯೇ?

ಪ್ರಶ್ನೆ: ತಮಿಳುನಾಡಿನಲ್ಲಿ, ಕರ್ನಾಟಕದ ಗಡಿಗೆ ತಾಗಿದ ತಾಳವಾಡಿ ಹತ್ತಿರದ ಹಳ್ಳಿಯವನು ನಾನು. ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೆ ಮೂರು ಎಕರೆಯಲ್ಲಿ ಅರಿಸಿನ, ರಾಗಿ ಹಾಕಿಕೊಂಡಿದ್ದೇನೆ. ಮಗ ಮದ್ರಾಸ್ ರೆಜಿಮೆಂಟಿನಲ್ಲಿದ್ದಾನೆ. ಸಿಯಾಚಿನ್ ಮೇಲೆ ಮೂರು ತಿಂಗಳು ಡ್ಯೂಟಿ ಮಾಡಿ ಇಳಿದು ಬಂದ. ಎಡಗೈಯ ಎರಡು ಬೆರಳ ತುದಿ ಇನ್ನೂ ಮರಗಟ್ಟಿಕೊಂಡೇ ಇದೆ. ಎರಡೂ ಸೇನೆ ಇಳಿದು ಅದನ್ನು ಶಾಂತಿ ಉದ್ಯಾನ ಮಾಡಬೇಕು ಅಂತ ಹಿಂದೆಯೇ ಮಾತಾಗಿತ್ತಂತೆ, ರಜೆಗೆ ಬಂದಾಗ ಅವನೇ ಹೇಳಿದ. ಕೊರಿಯಾ ಗಡಿಯಲ್ಲಿ ಜನರಿಲ್ಲದ ಕಾರಣ ಪ್ರಾಣಿಪಕ್ಷಿಗಳಿಗೆ ಸ್ವರ್ಗವಾಗಿದೆಯಂತೆ. ಇದು ಆಗುವ ಮಾತೇ? ಊರಿನವರು ‘ಪಾರ್ಕು ಅಂದರೆ ಜಾಗ ಬಿಟ್ಟುಕೊಟ್ಟ ಹಾಗೆ’ ಅನ್ನುತ್ತಾರೆ. ಇನ್ನೊಂದು ಮಾತು. ವೀರಪ್ಪನ್ ಕಾಲದಲ್ಲಿ ನಮ್ಮ ಕಾಡಲ್ಲೂ ಅವನನ್ನು ಹಿಡಿಯಲು ಬಂದ ಪೊಲೀಸ್ ವಿಶೇಷ ಪಡೆಯ (ಎಸ್‌ಟಿಎಫ್) ಕ್ಯಾಂಪುಗಳಿದ್ದವು. ಅವು ಹೋದವು, ಹುಲಿ ಸಂರಕ್ಷಿತ ಪ್ರದೇಶ ಬಂತು. ಈಗ ಕತ್ತಲಾದರೆ ಘಾಟಿ ರಸ್ತೆಗೆ ತಡೆ, ಹೊಲಕ್ಕೆ ಆನೆ. ಶಾಂತಿ ಅಂದರೆ ಇದೇ ಆದರೆ ಅಲ್ಲಿನ ಜನಕ್ಕೂ ಇದೇ ಗತಿಯೇ? ಅಲ್ಲದೆ, ಒಂದು ಕಾಗೆ ಬಿಟ್ಟರೆ ಮಗನ ಕಣ್ಣಿಗೆ ಅಲ್ಲಿ ಯಾವ ಜೀವವೂ ಬೀಳಲಿಲ್ಲವಂತೆ. ಯಾವ ಪ್ರಾಣಿಗೆ ಅಂತ ಪಾರ್ಕು?

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದದಲ್ಲಿ ಪ್ರಶ್ನೆಗಳು ಹಲವು, ಆತಂಕ ಒಂದೇ. ಮಗ ಮತ್ತೆ ಆ ಹಿಮದ ಮೇಲೆ ಹೋಗಬೇಕಾದೀತೇ, ಅದನ್ನು ತಪ್ಪಿಸಲು ದಾರಿ ಇದೆ ಅನ್ನುವವರ ಮಾತನ್ನು ನಂಬಬಹುದೇ ಎಂಬುದು. ನಾನು ಸೇನೆಯವನಲ್ಲ. ವನ್ಯಜೀವಿ ಸಮೀಕ್ಷೆ ನನ್ನ ಕೆಲಸ. ಅದರಲ್ಲೂ ಹೆಚ್ಚು ವರ್ಷ ಕಳೆದದ್ದು ಗಡಿಗೆ ತಾಗಿದ ಕಾಡುಗಳಲ್ಲಿ, ನಿಮ್ಮ ಸತ್ಯಮಂಗಲದ ಕಡೆ, ಅಸ್ಸಾಮಿನ ಮಾನಸ್ ಕಡೆ. ನನಗೆ ಗೊತ್ತಿರುವ ಮಟ್ಟಿಗೆ ಹೇಳುತ್ತೇನೆ.

ಮೊದಲು ನೇರ ಉತ್ತರ. ಇದು ಆಗುವ ಮಾತೇ. ಆದರೆ ಪಾರ್ಕು ಮಾಡಿದರೆ ಶಾಂತಿ ಬರುತ್ತದೆ ಅನ್ನುವವರು ಗಾಡಿಯನ್ನು ಎತ್ತಿನ ಮುಂದೆ ಕಟ್ಟುತ್ತಿದ್ದಾರೆ. ನಾನು ಓದಿದ, ಕಂಡ ಯಾವ ಗಡಿಯಲ್ಲೂ ಅದು ಆ ಕ್ರಮದಲ್ಲಿ ನಡೆದಿಲ್ಲ.

ಕೊರಿಯಾದ ಕಥೆಯನ್ನೇ ತೆಗೆದುಕೊಳ್ಳಿ, ಎಲ್ಲರೂ ಉದಾಹರಣೆ ಕೊಡುವುದು ಅದನ್ನೇ. 1953ರ ಜುಲೈ 27ರಂದು ಯುದ್ಧವಿರಾಮಕ್ಕೆ ಸಹಿ ಬಿತ್ತು. ಎರಡೂ ಸೇನೆ ಎರಡೆರಡು ಕಿಲೋಮೀಟರ್ ಹಿಂದೆ ಸರಿದವು. ಹೀಗೆ ನಾಲ್ಕು ಕಿಲೋಮೀಟರ್ ಅಗಲ, ಸುಮಾರು 250 ಕಿಲೋಮೀಟರ್ ಉದ್ದದ ಪಟ್ಟಿಯೊಂದು ಖಾಲಿ ಬಿತ್ತು. ಎಪ್ಪತ್ತು ವರ್ಷ ನೇಗಿಲು, ಕೊಡಲಿ ತಾಗದ ನೆಲದಲ್ಲಿ ಕಾಡು ಎದ್ದಿರುವುದು ನಿಜ. ಆದರೆ ಅದರ ಎರಡೂ ಬದಿಗೆ ಮುಳ್ಳುತಂತಿ, ಒಳಗೆ ಲಕ್ಷಗಟ್ಟಲೆ ನೆಲಬಾಂಬು. ಬಾಂಬಿಗೆ ಜಿಂಕೆ ಯಾವುದು, ಸೈನಿಕ ಯಾರು ಎಂದು ತಿಳಿಯುವುದಿಲ್ಲ. ತಂತಿಬೇಲಿ ದೊಡ್ಡ ಪ್ರಾಣಿಯ ಓಡಾಟವನ್ನೂ ಕಡಿದುಹಾಕುತ್ತದೆ.

‘ಜನರಿಲ್ಲದ ಕಾರಣ ಸ್ವರ್ಗ’ ಎಂಬ ಮಾತೂ ಅರ್ಧ ಮಾತ್ರ ಸರಿ. ಚಳಿಗಾಲದಲ್ಲಿ ಕೆಂಪುನೆತ್ತಿಯ ಕ್ರೌಂಚಗಳು ಅಲ್ಲಿನ ಚೋರ್ವಾನ್ ಬಯಲಿಗೆ ಇಳಿಯುತ್ತವೆ. ಅವು ಮೇಯುವುದು ಎಲ್ಲಿ ಗೊತ್ತೇ? ಬೇಲಿಯ ದಕ್ಷಿಣಕ್ಕೆ, ಮಿಲಿಟರಿ ಪಾಸ್ ತೋರಿಸಿ ಒಳಗೆ ಹೋಗಿ ಭತ್ತ ಬೆಳೆಯುವ ರೈತರ ಗದ್ದೆಗಳಲ್ಲಿ. ಕೊಯ್ಲಾದ ಮೇಲೆ ಉದುರಿದ ಕಾಳೇ ಅವುಗಳ ಚಳಿಗಾಲದ ಊಟ. ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು ನೀರು ನಿಲ್ಲಿಸುವ ರೈತರಿಗೆ ಅಲ್ಲಿ ಹಣ ಕೊಡುತ್ತಾರೆ. ರಾತ್ರಿ ಬೇಲಿಯ ಹತ್ತಿರ ತಂಗಿ, ಬೆಳಿಗ್ಗೆ ಗದ್ದೆಗೆ ಬರುವ ಹಕ್ಕಿ ಅದು. ಗದ್ದೆ ಹೋಗಿ ಬರೀ ಕಾಡಾದರೆ ಅದೂ ಬೇರೆ ಕಡೆ ಹಾರುತ್ತದೆ.

ಇನ್ನೂ ಒಂದು ಸಂಗತಿ. ಆ ಪಟ್ಟಿಯನ್ನು ಜೀವಗೋಲ ಸಂರಕ್ಷಿತ ಪ್ರದೇಶವೆಂದು ಘೋಷಿಸಿ ಎಂದು ದಕ್ಷಿಣ ಕೊರಿಯಾ ಯುನೆಸ್ಕೋಗೆ ಅರ್ಜಿ ಹಾಕಿತ್ತು. ಉತ್ತರ ಕೊರಿಯಾ ಆಕ್ಷೇಪಿಸಿತು. 2012ರಲ್ಲಿ ಅರ್ಜಿ ನಿಂತುಹೋಯಿತು. ಕಡೆಗೆ 2019ರಲ್ಲಿ ಮಾನ್ಯತೆ ಸಿಕ್ಕಿದ್ದು ದಕ್ಷಿಣದ ಬದಿಯ ಗ್ಯಾಂಗ್ವಾನ್, ಯೋಂಚೋನ್ ಪ್ರದೇಶಗಳಿಗೆ. ಕಾಡು ಅಷ್ಟು ಚೆನ್ನಾಗಿ ಬೆಳೆದರೂ ಶಾಂತಿ ಒಂದು ಗೇಣು ಮುಂದೆ ಬರಲಿಲ್ಲ.

ಇದರಿಂದ ‘ಯುದ್ಧ ಪ್ರಾಣಿಗಳಿಗೆ ಒಳ್ಳೆಯದು’ ಎಂಬ ತೀರ್ಮಾನಕ್ಕೆ ಯಾರೂ ಬರಬೇಡಿ. ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದಲ್ಲಿ 1977ರಿಂದ 1992ರವರೆಗಿನ ಅಂತರ್ಯುದ್ಧ ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ತಿಂದುಹಾಕಿತು, ಮಾಂಸಕ್ಕೆ ಮತ್ತು ದಂತಕ್ಕೆ. ನಮ್ಮ ದೇಶದ್ದೇ ಬೇಕಾದರೆ ಮಾನಸ್ ಇದೆ. ಪ್ರತ್ಯೇಕ ರಾಜ್ಯ ಕೇಳಿದ ಬೋಡೋ ಜನರ ಚಳವಳಿಯ ಕಾಲದಲ್ಲಿ ಅರಣ್ಯ ಇಲಾಖೆಯ ಕ್ಯಾಂಪುಗಳು ಸುಟ್ಟವು, ಕಾವಲುಗಾರರು ಸತ್ತರು, ಅಲ್ಲಿನ ಖಡ್ಗಮೃಗ ಒಂದೂ ಉಳಿಯಲಿಲ್ಲ. ಯುನೆಸ್ಕೋ 1992ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೊರಿಯಾದಲ್ಲಿ ಕಾಡನ್ನು ಉಳಿಸಿದ್ದು ಯುದ್ಧವಲ್ಲ, ಯುದ್ಧ ನಿಂತ ಮೇಲೂ ಯಾರನ್ನೂ ಒಳಗೆ ಬಿಡದ ಕಾವಲು.

ಮಾನಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉತ್ತರ ನನಗೆ ಸಿಕ್ಕಿದ್ದು ಅಲ್ಲೇ. ಗಡಿಯ ಉತ್ತರಕ್ಕೆ ಭೂತಾನಿನ ರಾಯಲ್ ಮಾನಸ್, ದಕ್ಷಿಣಕ್ಕೆ ನಮ್ಮದು. ಆನೆಗೆ ಎರಡೂ ಒಂದೇ ಕಾಡು. 2003ರ ಫೆಬ್ರುವರಿಯಲ್ಲಿ ಬೋಡೋ ಒಪ್ಪಂದವಾಯಿತು. ಅದೇ ಡಿಸೆಂಬರಿನಲ್ಲಿ ಭೂತಾನ್ ಸೇನೆ ತನ್ನ ಕಾಡಿನಲ್ಲಿದ್ದ ಉಗ್ರರ ಶಿಬಿರಗಳನ್ನು ತೆರವು ಮಾಡಿತು. ಇವೆರಡು ಆದ ಮೇಲೆ ಕಾಡು ಚೇತರಿಸಿಕೊಳ್ಳತೊಡಗಿತು. ಅಸ್ಸಾಮಿನದೇ ಪೊಬಿತೊರಾ ವನ್ಯಧಾಮದಿಂದ ಮೊದಲ ಎರಡು ಖಡ್ಗಮೃಗಗಳನ್ನು ತಂದು ಬಿಟ್ಟದ್ದು 2008ರಲ್ಲಿ. 2011ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ಹೊರಬಂತು. ಹಿಂದೆ ಬಂದೂಕು ಹಿಡಿದು ಬೇಟೆಯಾಡುತ್ತಿದ್ದ ಹುಡುಗರೇ ಆಮೇಲೆ ಸಂಬಳಕ್ಕೆ ಕಾವಲು ನಿಂತರು. ಅಂಥ ಒಬ್ಬನ ಜೊತೆ ನಾನು ನಸುಕಿನಲ್ಲಿ ಗಸ್ತು ನಡೆದಿದ್ದೇನೆ. ತೇವದ ಮಣ್ಣಿನಲ್ಲಿ ಮೂರು ಬೆರಳಿನ ಹೆಜ್ಜೆ ಕಂಡ ಕೂಡಲೇ ಆತ ಕೂತು, ಅಂಗೈಯನ್ನು ಅದರ ಮೇಲೆ ಇಟ್ಟು ಅಳೆದ. ‘ಇದು ತಾಯಿ, ಮರಿ ಎಡಕ್ಕಿದೆ’ ಅಂದ. ಹತ್ತು ನಿಮಿಷದಲ್ಲಿ ಎರಡೂ ಕಂಡವು. ಆ ವಿದ್ಯೆ ಅವನಿಗೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ಇನ್ನು ‘ಪಾರ್ಕು ಅಂದರೆ ಜಾಗ ಬಿಟ್ಟುಕೊಟ್ಟ ಹಾಗೆ’ ಎಂಬ ಮಾತಿಗೆ ಬರೋಣ. ಕಾನೂನಿನ ಲೆಕ್ಕದಲ್ಲಿ ಅದು ತಪ್ಪು. ಅಮೆರಿಕ, ಕೆನಡಾ ಸೇರಿ 1932ರಲ್ಲಿ ವಾಟರ್ಟನ್–ಗ್ಲೇಸಿಯರ್ ಶಾಂತಿ ಉದ್ಯಾನ ಮಾಡಿದವು, ಒಂದು ಅಡಿ ನೆಲವೂ ಕೈ ಬದಲಾಗಲಿಲ್ಲ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ನಡುವಿನ ಕ್ಗಲಗಾಡಿ ಉದ್ಯಾನ 2000ದಲ್ಲಿ ತೆರೆಯಿತು, ಗಡಿ ಇದ್ದಲ್ಲೇ ಇದೆ. ಆದರೆ ಇವೆಲ್ಲ ಮೊದಲೇ ಸ್ನೇಹವಿದ್ದ ದೇಶಗಳು. ಸಿಯಾಚಿನ್ ವಿಷಯದಲ್ಲಿ ನಿಮ್ಮ ಊರಿನವರ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಲಾರೆ. ಅದಕ್ಕೆ ಕಾರಣವಿದೆ.

ಜಮೀನು ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ‘ಉತ್ತರಕ್ಕೆ ಹಳ್ಳದವರೆಗೆ’ ಎಂದು ಬರೆದು, ಹಳ್ಳದ ಯಾವ ದಂಡೆ ಎಂದು ಬರೆಯದೆ ಬಿಟ್ಟರೆ ಏನಾಗುತ್ತದೆ ನಿಮಗೆ ಗೊತ್ತು. ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಕೋರ್ಟಿಗೆ ಅಲೆಯುತ್ತಾರೆ. ಅಲ್ಲಿ ಆದದ್ದೂ ಅದೇ. 1949ರ ಕರಾಚಿ ಒಪ್ಪಂದದ ಗೆರೆ ಎನ್‌ಜೆ 9842 ಎಂಬ ಬಿಂದುವಿಗೆ ನಿಂತಿತು, ಮುಂದಕ್ಕೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದಷ್ಟೇ ಬರೆದರು. 1972ರ ಸಿಮ್ಲಾ ಒಪ್ಪಂದದ ನಂತರ ಎಳೆದ ನಿಯಂತ್ರಣ ರೇಖೆಯೂ ಅದೇ ಬಿಂದುವಿಗೆ ನಿಂತಿತು. ಆ ಕೊರಕಲಿನಲ್ಲಿ ಯಾರು ಹೋಗಿ ಕೂರುತ್ತಾರೆ ಅಂದುಕೊಂಡಿರಬೇಕು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾಯಿತು. ಸಿಯಾಚಿನ್ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ತೊರೊ ಬೆಟ್ಟಸಾಲಿನ ಎತ್ತರಗಳು ಭಾರತದ ಕೈಗೆ ಬಂದವು, ಪಾಕಿಸ್ತಾನ ಕೆಳಗೆ ಪಶ್ಚಿಮದ ಕಡೆ ಕೂತಿತು.

2003ರ ನವೆಂಬರಿನ ಕದನವಿರಾಮದ ನಂತರ ಅಲ್ಲಿ ಗುಂಡಿನ ಸದ್ದು ಅಡಗಿತು, ಸಾವು ನಿಲ್ಲಲಿಲ್ಲ. ಅಲ್ಲಿ ಮೊದಲಿನಿಂದಲೂ ಗುಂಡಿಗಿಂತ ಚಳಿ, ಹಿಮಕುಸಿತಗಳೇ ಹೆಚ್ಚು ಜನರನ್ನು ಕೊಂದಿವೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಹೂತುಹೋದರು. 2016ರ ಫೆಬ್ರುವರಿ 3ರಂದು ಸೋನಂ ಪೋಸ್ಟಿನಲ್ಲಿ ನಿಮ್ಮ ಮಗನದೇ ರೆಜಿಮೆಂಟಿನ, 19ನೇ ಮದ್ರಾಸ್‌ನ ಹತ್ತು ಮಂದಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ಫೆಬ್ರುವರಿ 11ರಂದು ಅವರು ಹೋದರು. ಆ ವಾರ ನಿಮ್ಮ ಮನೆಯಲ್ಲಿ ಹೇಗಿತ್ತೋ ಊಹಿಸಬಲ್ಲೆ.

ಹಾಗಾದರೆ ಇಳಿದು ಬರಲು ಏನಡ್ಡಿ? ಮಾತು 1989ರಲ್ಲೇ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಈಗ ಯಾರ ಸೈನಿಕ ಎಲ್ಲಿ ನಿಂತಿದ್ದಾನೆ ಎಂಬುದನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ ಇಬ್ಬರೂ ಸಹಿ ಹಾಕೋಣ, ಆಮೇಲೆ ಇಳಿಯೋಣ ಎಂಬುದು ಭಾರತದ ಪಟ್ಟು. ಸಹಿ ಹಾಕಿದರೆ ನೀವು ಕೂತ ಜಾಗ ನಿಮ್ಮದೆಂದು ನಾವೇ ಒಪ್ಪಿದ ಹಾಗಾಗುತ್ತದೆ ಎಂಬುದು ಪಾಕಿಸ್ತಾನದ್ದು. 1999ರ ಕಾರ್ಗಿಲ್ ಈ ಗಂಟನ್ನು ಇನ್ನೂ ಬಿಗಿ ಮಾಡಿತು. ಚಳಿಗಾಲಕ್ಕೆ ಖಾಲಿ ಬಿಟ್ಟ ಠಾಣೆಗಳಲ್ಲಿ ಬೇರೆಯವರು ಬಂದು ಕೂತರೆ ಮರಳಿ ಹತ್ತಲು ಎಷ್ಟು ಜೀವ ಬೇಕು ಎಂದು ನಮ್ಮ ಸೇನೆ ಕಂಡಿದೆ. ಸಾಲ್ತೊರೊ ಕಾರ್ಗಿಲ್‌ಗಿಂತಲೂ ಎತ್ತರ. ಸಹಿ ಇಲ್ಲದೆ ಇಳಿಯಬೇಡಿ ಅನ್ನುವ ಸೈನಿಕನನ್ನು ನಾನು ಶಾಂತಿವಿರೋಧಿ ಎನ್ನಲಾರೆ.

ಶಾಂತಿ ಉದ್ಯಾನದ ಮಾತೆತ್ತಿದವರೂ ಗಾಳಿಗೋಪುರ ಕಟ್ಟುವವರಲ್ಲ. 1994ರಲ್ಲಿ ಮೊದಲು ಬರೆದವರು ಆಮಿರ್ ಅಲಿ ಎಂಬ ಪರ್ವತಪ್ರೇಮಿ. ಆಮೇಲೆ ಇದಕ್ಕಾಗಿ ಓಡಾಡಿದವರು ಮುಂಬೈಯ ಪರ್ವತಾರೋಹಿ ಹರೀಶ್ ಕಪಾಡಿಯಾ. ಅವರ ಮಗ ಲೆಫ್ಟಿನೆಂಟ್ ನವಾಂಗ್ 2000ದಲ್ಲಿ ಕಾಶ್ಮೀರದಲ್ಲಿ ಉಗ್ರರೊಡನೆ ಕಾದಾಡುತ್ತ ಮಡಿದವರು. ಮಗನನ್ನು ಕಳೆದುಕೊಂಡ ತಂದೆ ಆಡಿದ ಮಾತು ಎಂದೇ ನಾನು ಅದಕ್ಕೆ ತೂಕ ಕೊಡುತ್ತೇನೆ. 2005ರಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಕೂಡ ಸಿಯಾಚಿನ್‌ನ ಬುಡದಲ್ಲೇ ನಿಂತು, ಅದು ಶಾಂತಿಯ ಪರ್ವತವಾಗಲಿ ಅಂದಿದ್ದರು.

ಬದ್ಧದ್ವೇಷವಿದ್ದೂ ಇಂಥ ಉದ್ಯಾನಕ್ಕೆ ಒಪ್ಪಿದ ಎರಡು ದೇಶಗಳು ಪೆರು ಮತ್ತು ಈಕ್ವೆಡಾರ್. 1995ರಲ್ಲಿ ಕೊಂಡೋರ್ ಬೆಟ್ಟಸಾಲಿನ ಕಾಡಿಗಾಗಿ ಯುದ್ಧ ಮಾಡಿದವು. 1998ರ ಅಕ್ಟೋಬರ್ 26ರಂದು ಬ್ರೆಸಿಲಿಯಾದಲ್ಲಿ ಒಪ್ಪಂದ. ಅದರಲ್ಲಿ ಗಡಿಯ ಗೆರೆ ಪೂರ್ತಿ ಎಳೆದರು, ಗೆರೆಯ ಎರಡೂ ಬದಿ ಉದ್ಯಾನಕ್ಕೆ ಒಪ್ಪಿದರು. ತಿವಿಂಜಾ ಎಂಬಲ್ಲಿ ಈಕ್ವೆಡಾರ್ ಸೈನಿಕರು ಮಡಿದಿದ್ದರು. ಆ ಜಾಗ ಪೆರುವಿನ ಪಾಲಿಗೆ ಬಂತು. ಆಗ ಪೆರು ಅಲ್ಲಿ ಒಂದು ಚದರ ಕಿಲೋಮೀಟರ್ ನೆಲವನ್ನು ಖಾಸಗಿ ಜಮೀನಿನ ಹಾಗೆ ಈಕ್ವೆಡಾರ್‌ಗೆ ಬರೆದುಕೊಟ್ಟಿತು. ಸತ್ತವರ ಮರ್ಯಾದೆಗೆ ಜಾಗ ಮಾಡದೆ ಯಾವ ಸೇನೆಯೂ ಹಿಂದೆ ಸರಿಯುವುದಿಲ್ಲ ಎಂಬುದನ್ನು ಆ ಒಪ್ಪಂದ ಬರೆದವರು ಅರಿತಿದ್ದರು. ಸಿಯಾಚಿನ್‌ಗೂ ಇಂಥದೊಂದು ಬೇಕಾದೀತು. ನೆಲಬಾಂಬು ತೆಗೆಯುವ ಕೆಲಸ ಮಾತ್ರ ಕೊಂಡೋರ್‌ನಲ್ಲಿ ದಶಕಗಳ ಕಾಲ ಎಳೆಯಿತು.

ಜರ್ಮನಿಯಲ್ಲೂ ಕ್ರಮ ಅದೇ. ಮೊದಲು ಗೋಡೆ ಬಿತ್ತು. ಅದಾಗಿ ಒಂದೇ ತಿಂಗಳಿಗೆ, 1989ರ ಡಿಸೆಂಬರ್ 9ರಂದು, ಎರಡೂ ಕಡೆಯ ಸುಮಾರು 400 ಪ್ರಕೃತಿಪ್ರಿಯರು ಹೋಫ್ ಎಂಬ ಊರಲ್ಲಿ ಸೇರಿ ಗಡಿಪಟ್ಟಿಯನ್ನು ಹಾಗೇ ಉಳಿಸಿ ಎಂದರು. ಅವಕಾಶ ತೆರೆದ ಕೂಡಲೇ ಇವರು ತಯಾರಾಗಿದ್ದರು, ಇದು ಮುಖ್ಯ. ಆದರೂ ಆ 1393 ಕಿಲೋಮೀಟರ್ ಪಟ್ಟಿಯ ಎಷ್ಟೋ ಕಡೆ ಟ್ರ್ಯಾಕ್ಟರುಗಳು ಮೊದಲೇ ನುಗ್ಗಿ ಉತ್ತುಬಿಟ್ಟಿದ್ದವು.

ಈಗ ಸಿಯಾಚಿನ್‌ಗೆ ಇರುವ ದಾರಿಗಳು. ಇರುವ ಹಾಗೇ ಇರುವುದು ಒಂದು. ಅದರ ಬೆಲೆ ನಿಮ್ಮ ಮಗನ ಬೆರಳಲ್ಲಿ ಕಾಣುತ್ತಿದೆ. ಇನ್ನೊಂದು ಬೆಲೆ ಕಾಣುವುದಿಲ್ಲ. ಆ ಚಳಿಯಲ್ಲಿ ಯಾವ ಕಸವೂ, ಮಲವೂ ಕೊಳೆಯುವುದಿಲ್ಲ. ಹಿಮದ ಬಿರುಕಿಗೆ ಹಾಕಿದ್ದು ಒಂದಲ್ಲ ಒಂದು ದಿನ ಕರಗಿದ ನೀರಿನ ಜೊತೆ ನುಬ್ರಾ ನದಿಗೆ, ಅಲ್ಲಿಂದ ಶ್ಯೋಕ್‌ಗೆ, ಸಿಂಧೂಗೆ ಇಳಿಯುತ್ತದೆ. ಕಸ ಕೆಳಗಿಳಿಸುವ ಕೆಲಸವನ್ನು ಸೇನೆ 2018ರಿಂದ ದೊಡ್ಡದಾಗಿ ಕೈಗೆತ್ತಿಕೊಂಡಿದೆ. ಯಾವ ಒಪ್ಪಂದಕ್ಕೂ ಕಾಯದೆ ಆಗುವ ಕೆಲಸ ಇದು, ಆಗುತ್ತಲೇ ಇರಬೇಕು.

ಎರಡನೆಯದು, ಅವರವರ ಬದಿಯಲ್ಲಿ ಅವರವರೇ ಕಾಯುವುದು. ಇದಕ್ಕೆ ಬುನಾದಿ ಆಗಲೇ ಬಿದ್ದಿದೆ. ನಮ್ಮ ಕಡೆ ಕಾರಾಕೋರಂ ವನ್ಯಧಾಮ 1987ರಿಂದ, ಅವರ ಕಡೆ ಸೆಂಟ್ರಲ್ ಕಾರಾಕೋರಂ ರಾಷ್ಟ್ರೀಯ ಉದ್ಯಾನ 1993ರಿಂದ ಇವೆ. ಸೇನೆ ಇದ್ದಲ್ಲೇ ಇರಲಿ. ಹಿಮನದಿಯ ಅಳತೆ, ಹಿಮಕುಸಿತದ ಮುನ್ಸೂಚನೆ, ಇಷ್ಟನ್ನು ಹಂಚಿಕೊಳ್ಳಬಹುದು. ಅಪಾಯ ಕಡಿಮೆ, ಫಲವೂ ನಿಧಾನ. ಸೇನಾ ಚಲನವಲನ ಬಯಲಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದನ್ನು ಸೇನೆಯೇ ಸೋಸಿ ಕೊಡುವಂತೆ ಮಾಡಬೇಕು.

ಮೂರನೆಯದು ಸಹಿ, ಹಂತಹಂತವಾಗಿ ಇಳಿಯುವುದು, ಉಪಗ್ರಹದಿಂದ ಇಬ್ಬರೂ ನಿಗಾ ಇಡುವುದು, ಆಮೇಲೆ ಜಂಟಿ ಉದ್ಯಾನ. ನಿಜವಾದ ಶಾಂತಿ ಉದ್ಯಾನ ಅಂದರೆ ಇದೇ. ಅಪಾಯವೂ ದೊಡ್ಡದು: ಮಾತು ಮುರಿದರೆ ಮತ್ತೆ ಹತ್ತಬೇಕು. ಜೊತೆಗೆ ಪಾಕಿಸ್ತಾನ 1963ರಲ್ಲಿ ಚೀನಾಕ್ಕೆ ಬಿಟ್ಟುಕೊಟ್ಟ ಶಕ್ಸ್ಗಾಮ್ ಕಣಿವೆ ಪಕ್ಕದಲ್ಲೇ ಇದೆ, ಲೆಕ್ಕದಲ್ಲಿ ಮೂರನೆಯವರೂ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಆದದ್ದು, ಮೇನಲ್ಲಿ ನಡೆದ ಕದನ, ಸಿಂಧೂ ಜಲ ಒಪ್ಪಂದಕ್ಕೆ ಬಿದ್ದ ತಡೆ ಇಷ್ಟೆಲ್ಲ ಆದ ಮೇಲೆ ಇದು ನಾಳೆ ಆದೀತು ಎಂದು ನಿಮಗೆ ಆಸೆ ತೋರಿಸಿದರೆ ಅದು ನಾನು ಮಾಡುವ ಮೋಸ. ಎರಡನೆಯ ದಾರಿಯ ತಯಾರಿ ಈಗಲೇ ಆಗಿರಬೇಕು, ಹೋಫ್‌ನಲ್ಲಿ ಸೇರಿದವರ ಹಾಗೆ. ಇದು ನನ್ನ ಅಭಿಪ್ರಾಯ.

2019ರಲ್ಲಿ ಬೇಸ್ ಕ್ಯಾಂಪಿನಿಂದ ಕುಮಾರ್ ಪೋಸ್ಟಿನವರೆಗೆ ಪ್ರವಾಸಿಗರಿಗೆ ತೆರೆಯುವ ಘೋಷಣೆಯಾಯಿತು. ಕಸ ಇಳಿಸಲು ಇಷ್ಟು ಕಷ್ಟವಿರುವ ಕಡೆ ಹೊಸ ಕಸ ಹತ್ತಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ಊರು. ವೀರಪ್ಪನ್ ಕಾಡನ್ನು ಸಿಯಾಚಿನ್ ಜೊತೆ ಇಟ್ಟು ನೋಡುವುದು ಪೂರ್ತಿ ಸರಿಯಲ್ಲ. ಅದು ಎರಡು ದೇಶದ ಜಗಳವಲ್ಲ, ಒಬ್ಬನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆ. ಆದರೂ ನೀವು ಎತ್ತಿದ ಪ್ರಶ್ನೆ ಶಾಂತಿ ಉದ್ಯಾನದ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪ್ರಶ್ನೆ. ಬಂದೂಕು ಹೋದ ಮೇಲೆ ಅಂಚಿನಲ್ಲಿರುವವನಿಗೆ ಏನು ಸಿಕ್ಕಿತು?

2000ದ ಜುಲೈ 30ರಂದು ದೊಡ್ಡ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದಾಗ 108 ದಿನ ನಿಮ್ಮ ಸೀಮೆಯ ಹೆಸರು ಎಲ್ಲರ ಬಾಯಲ್ಲಿತ್ತು. ಆ ಕಾಡಿನ ಸೋಲಿಗರು, ಹಳ್ಳಿಯವರು ಎರಡೂ ಕಡೆಯಿಂದ ತಿಂದ ಪೆಟ್ಟನ್ನು ಮಾತ್ರ ಯಾರೂ ಅಷ್ಟು ನೋಡಲಿಲ್ಲ. ನ್ಯಾಯಮೂರ್ತಿ ಸದಾಶಿವ ಸಮಿತಿ ಅವರ ಹೇಳಿಕೆ ಕೇಳಿತು. ಅದರ ಮೇಲೆ 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿ ಎಂದಿತು. 2004ರಲ್ಲಿ ವೀರಪ್ಪನ್ ಸತ್ತ, 2008ರಲ್ಲಿ ಸತ್ಯಮಂಗಲ ವನ್ಯಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಹುಲಿ ಹೆಚ್ಚಿದವು, ಪ್ರಶಸ್ತಿಯೂ ಬಂತು. ಇದು ಸಣ್ಣ ಸಾಧನೆಯಲ್ಲ, ನನಗೆ ನಿಜವಾಗಿ ಸಂತೋಷ ಕೊಟ್ಟ ಸಾಧನೆ.

ಆದರೆ ಕೆಲವು ವರ್ಷದ ಹಿಂದೆ ಆ ಕಡೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರ ಅಟ್ಟಣೆಯ ಮೇಲೆ ರಾತ್ರಿ ಕೂತಿದ್ದೆ. ಎರಡು ಗಂಟೆ ಹೊತ್ತಿಗೆ ಮುಸುಕಿನ ಜೋಳ ಮುರಿಯುವ ಸದ್ದು. ಟಾರ್ಚ್ ಬಿಟ್ಟರೆ ಒಂಟಿ ಸಲಗ. ಸೋಲಾರ್ ಬೇಲಿಯ ತಂತಿಗೆ ಮೈ ತಾಗಿಸದೆ, ಕಂಬದ ಬುಡಕ್ಕೆ ಅಂಗಾಲು ಕೊಟ್ಟು ಒತ್ತಿ ಮಲಗಿಸಿ ದಾಟಿತ್ತು. ಆ ರೈತರು ಕೂಗಿ ಕೂಗಿ ಸುಸ್ತಾಗಿ ಕೂತ ಮೇಲೆ ಅಂದರು: ‘ಆಗ ಪೊಲೀಸ್ನೋರು ಕೇಳ್ತಿದ್ರು, ಕಾಡಿಗ್ಯಾಕ್ ಹೋಗಿದ್ದೆ ಅಂತ. ಈಗ ಫಾರೆಸ್ಟ್ನೋರು ಕೇಳ್ತಾರೆ. ಕೇಳೋರು ಬದಲಾದ್ರು ಸ್ವಾಮಿ, ಪ್ರಶ್ನೆ ಬದಲಾಗ್ನಿಲ್ಲ.’ ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಘಾಟಿ ರಸ್ತೆಯ ತಡೆಗೆ ಕಾರಣವಿದೆ. ದಿಂಬಂ ಘಾಟಿಯಲ್ಲಿ ರಾತ್ರಿ ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳಿಗಾಗಿ 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಿತು. ನೀವೆಲ್ಲ ಪ್ರತಿಭಟಿಸಿದ ಮೇಲೆ ಸ್ಥಳೀಯರಿಗೆ ಸಡಿಲಿಕೆಯೂ ಬಂತು. ತಡೆ ತಪ್ಪೆಂದು ನಾನು ಹೇಳುವುದಿಲ್ಲ. ಸಡಿಲಿಕೆಯನ್ನು ಮೊದಲೇ ಕೂತು ಮಾತಾಡಿ ಬರೆದಿದ್ದರೆ ಆ ಪ್ರತಿಭಟನೆಯ ಅಗತ್ಯವೇ ಬೀಳುತ್ತಿರಲಿಲ್ಲ. ಗುಡ್ಡದ ಆಚೆ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜನ ಒಳಗಿದ್ದೂ ಹುಲಿ ಉಳಿದಿದೆ. ನಿಮ್ಮ ಕಡೆಯೂ ಹಕ್ಕಿನ ಅರ್ಜಿ ಗ್ರಾಮಸಭೆಯ ಮೂಲಕವೇ ಹೋಗಬೇಕು. ಬೆಳೆ ಹೋದಾಗ ಅದೇ ದಿನ ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿ (ವಿಎಒ) ಕೈಯಲ್ಲಿ ಬರೆಸಿ, ತಡವಾದರೆ ಪರಿಹಾರ ಕೈತಪ್ಪುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆನೆಯನ್ನು ಆ ರಾಜ್ಯದವರು ಈ ಕಡೆಗೆ ಅಟ್ಟುತ್ತಾರೆ, ಈ ರಾಜ್ಯದವರು ಆ ಕಡೆಗೆ. ಒಂದೇ ದೇಶ, ಎರಡು ಇಲಾಖೆ, ಒಂದು ಆನೆ. ಅದು ನಿನ್ನೆ ಎಲ್ಲಿತ್ತು ಎಂಬ ಮಾಹಿತಿ ಗಡಿ ದಾಟಲು ದಿನಗಟ್ಟಲೆ ಬೇಕಾಗುತ್ತದೆ. ಎರಡೂ ಕಡೆಯ ವಾಚರುಗಳು ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದ ಒಂದು ಹಂಗಾಮಿನಲ್ಲಿ ಹೊಲದವರಿಗೆ ಸಂಜೆಯೇ ಸುದ್ದಿ ಮುಟ್ಟುತ್ತಿದ್ದುದನ್ನು ನೋಡಿದ್ದೇನೆ. ಆಮೇಲೆ ಒಬ್ಬರಿಗೆ ವರ್ಗವಾಯಿತು, ಗುಂಪು ಮಲಗಿತು. ಇನ್ನು ಅಲ್ಲಿನ, ಅಂದರೆ ಸಿಯಾಚಿನ್ ಕೆಳಗಿನ ನುಬ್ರಾ ಕಣಿವೆಯ ಜನಕ್ಕೆ ಏನು ಗತಿ ಎಂದು ಕೇಳಿದ್ದೀರಿ. ಅವರು ಕುರಿ, ಯಾಕ್ ಮೇಯಿಸುವವರು, ಸೇನೆಗೆ ಹೊರೆ ಹೊತ್ತು ದುಡಿಯುವವರು. ಸೇನೆ ಇಳಿದರೆ ಆ ಕೂಲಿಯೂ ಹೋಗುತ್ತದೆ. ಉದ್ಯಾನದ ಮೊದಲ ಕರಡಿನಲ್ಲೇ ಅವರ ಮೇವು, ಅವರ ಕೆಲಸ ಬರೆದಿರದಿದ್ದರೆ, ಹೌದು, ನಿಮ್ಮ ಗತಿಯೇ.

ಕಡೆಯದಾಗಿ ಆ ಕಾಗೆ. ಹಿಮಚಿರತೆ, ಕಾಡಾಡು ಐಬೆಕ್ಸ್ ಇರುವುದು ಕೆಳಗಿನ ಕಣಿವೆಗಳಲ್ಲಿ, ಹುಲ್ಲು ಸಿಗುವ ಇಳಿಜಾರಿನಲ್ಲಿ. ಹಿಮನದಿಯ ಮೇಲೆ ನಿಮ್ಮ ಮಗನಿಗೆ ಅವು ಕಾಣದಿದ್ದದ್ದು ಸಹಜ. ಉದ್ಯಾನ ಬೇಕಿರುವುದು ಆ ಕಣಿವೆಗಳಿಗೆ, ಮತ್ತು ಅವುಗಳಿಗೆ ನೀರು ಕೊಡುವ ಮಂಜಿಗೆ. ಆ ಎತ್ತರಕ್ಕೆ ಬರುವ ಕಪ್ಪು ಹಕ್ಕಿಗಳಲ್ಲಿ ಎರಡು ಬಗೆ ಇವೆ. ಒಂದು ದಪ್ಪ ಕರಿ ಕೊಕ್ಕಿನ ದೊಡ್ಡ ಕಾಗೆ. ಇನ್ನೊಂದು ತೆಳು ಹಳದಿ ಕೊಕ್ಕು, ಕೆಂಪು ಕಾಲಿನದು. ಹಿಮಾಲಯದಲ್ಲಿ ಆರೋಹಿಗಳ ಹಿಂದೆ 8000 ಮೀಟರ್ ದಾಟಿ ಹೋದದ್ದೂ ಇದೆ. ಎರಡೂ ಊಟದ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿಯುತ್ತವೆ. ಮಗ ಮುಂದಿನ ಸಲ ಫೋನ್ ಮಾಡಿದಾಗ ಅದರ ಕೊಕ್ಕು ಯಾವ ಬಣ್ಣದ್ದಿತ್ತು ಎಂದು ಕೇಳಿ ನನಗೆ ಒಂದು ಸಾಲು ಬರೆಯಿರಿ. ಬೆರಳಿನ ಮರಗಟ್ಟುವಿಕೆಯನ್ನು ಮಾತ್ರ ಸೇನಾ ಆಸ್ಪತ್ರೆಯಲ್ಲಿ ಮತ್ತೊಮ್ಮೆ ತೋರಿಸಿ, ದಾಖಲೆಯಲ್ಲಿ ಬರೆಸಿಕೊಳ್ಳಲಿ. ಮುಂದಿನ ಪೋಸ್ಟಿಂಗ್ ತೀರ್ಮಾನ ಮಾಡುವವರ ಕಣ್ಣಿಗೆ ಅದು ಬೀಳಬೇಕು.